ಹತ್ತೊಂಬತ್ತು ಮನೆಯ ಒಂದೇ ಹಸು

ಕೆ.ಆರ್. ಪುರ ದಾಟಿ, ಹಳೇ ಮದ್ರಾಸು ರಸ್ತೆಯಲ್ಲಿ ಇನ್ನಷ್ಟು ದೂರ ಹೋಗಿ ಎಡಕ್ಕೆ ತಿರುಗಿದರೆ ಸೀಗೇದಿಣ್ಣೆ ಸಿಗುತ್ತದೆ. ತಾನಾಗಿ ಸಿಗುವ ಊರಲ್ಲ, ಹುಡುಕಬೇಕು. ಎದುರಿಗೆ ಹದಿನಾಲ್ಕು ಅಂತಸ್ತಿನ ಮೂರು ಅಪಾರ್ಟ್‌ಮೆಂಟುಗಳು ಊರಿಗೆ ಬೆನ್ನು ಹಾಕಿ ನಿಂತಿವೆ. ಅವುಗಳ ಬಾಲ್ಕನಿಯಲ್ಲಿ ಒಣಗುವ ಬಟ್ಟೆಗಳ ನೆರಳು ಬೀಳುವಷ್ಟು ಹತ್ತಿರದಲ್ಲಿ ಎಂಬತ್ತು ಮನೆಗಳಿವೆ.

ಈ ಎಂಬತ್ತು ಮನೆಗಳಲ್ಲಿ ಹತ್ತೊಂಬತ್ತು ಹೆಂಗಸರಿಗೆ ಹತ್ತೊಂಬತ್ತು ಸೀಮೆ ಹಸುಗಳಿದ್ದವು. ಹತ್ತೊಂಬತ್ತಕ್ಕೂ ಹಣೆಯ ಮೇಲೆ ಬಿಳಿ ಬೊಟ್ಟು. ಹತ್ತೊಂಬತ್ತಕ್ಕೂ ಎಡಗಿವಿಯ ತುದಿಯಲ್ಲಿ ಒಂದು ಹರಕು. ಫೋಟೋ ತೆಗೆಯುವಾಗ ಹತ್ತೊಂಬತ್ತೂ ಸ್ವಲ್ಪ ಬಲಕ್ಕೆ ಮುಖ ತಿರುಗಿಸಿ ನಿಲ್ಲುತ್ತಿದ್ದವು. ಆದರೆ ದಿನಾ ಎರಡು ಹೊತ್ತು ಚೊಂಬು ಹಿಡಿದು ಹಾಲು ಕರೆಯಲು ಕೂರುತ್ತಿದ್ದವಳು ಒಬ್ಬಳೇ, ಮುನಿಲಕ್ಷ್ಮಮ್ಮ. ಯಾಕೆಂದರೆ ಇದ್ದದ್ದು ಒಂದೇ ಹಸು. ಅದರ ಹೆಸರು ಚುಕ್ಕಿ. ಹಸುವಿನ ಮೇಲೆ ಸಾಲ ತೆಗೆದ ಆ ಹತ್ತೊಂಬತ್ತು ಜನರಲ್ಲಿ ಹಸುವಿನ ಒಡತಿ ಇರಲಿಲ್ಲ.

ಅದು ಹೇಗಾಯಿತು ಎಂದು ತಿಳಿಯಬೇಕಾದರೆ ಮುನಿಲಕ್ಷ್ಮಮ್ಮ ಯಾರೆಂದು ತಿಳಿಯಬೇಕು. ಈಗ ಅವಳಿಗೆ ಐವತ್ತೆರಡು. ಹದಿನೆಂಟಕ್ಕೆ ಈ ಊರಿಗೆ ಸೊಸೆಯಾಗಿ ಬಂದವಳು. ಈಗ ಅಪಾರ್ಟ್‌ಮೆಂಟು ನಿಂತಿರುವ ಜಾಗದಲ್ಲಿ ಆಗ ಅತ್ತೆಮನೆಯವರ ಸೊಪ್ಪಿನ ಮಡಿಗಳಿದ್ದವು. ಕೋಳಿ ಕೂಗುವ ಹೊತ್ತಿಗೆ ದಂಟು, ಸಬ್ಬಸಿಗೆ, ಕೊತ್ತಂಬರಿ ಕಿತ್ತು ಕುಕ್ಕೆಗೆ ತುಂಬಿ, ಮೊದಲ ಬಸ್ಸಿಗೆ ಶಿವಾಜಿನಗರಕ್ಕೆ ಹೋಗಿ, ರಸೆಲ್ ಮಾರ್ಕೆಟ್ಟಿನ ಹೊರಗೆ ಗೋಣಿತಾಟು ಹಾಸಿ ಕೂರುತ್ತಿದ್ದಳು. ಇಪ್ಪತ್ತೈದು ವರ್ಷ ಹಾಗೆ ಕೂತು ತಮಿಳಿನಲ್ಲಿ ಬೆಲೆ ಹೇಳುವುದನ್ನೂ, ಉರ್ದುವಿನಲ್ಲಿ ಬೆಲೆ ಇಳಿಸುವುದನ್ನೂ, ಕನ್ನಡದಲ್ಲಿ ಬೈಯುವುದನ್ನೂ ಕಲಿತಳು.

ಆಮೇಲೆ ಮೈದುನಂದಿರು ಜಮೀನು ಮಾರಿದರು. ಗಂಡ ಚಿಕ್ಕವೆಂಕಟಪ್ಪ ಸಾಧು ಮನುಷ್ಯ, ತೋರಿಸಿದ ಕಡೆಯೆಲ್ಲ ರುಜು ಹಾಕಿದ. ಪಾಲು ಹಂಚುವಾಗ ಮೈದುನಂದಿರ ಪಾಲಿಗೆ ಒಂದೊಂದು ಕಾರು ಬಂತು, ಇವರ ಪಾಲಿಗೆ ಮನೆಯ ಗೋಡೆಗೆ ಸುಣ್ಣವೂ ಒಂದು ಹೆಣ್ಣು ಕರುವೂ ಬಂದವು. ಅಪಾರ್ಟ್‌ಮೆಂಟು ಎದ್ದ ಮೇಲೆ ಚಿಕ್ಕವೆಂಕಟಪ್ಪನಿಗೆ ಅದರ ಗೇಟಿನಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಅಪ್ಪನ ಕಾಲದಲ್ಲಿ ಪುಕ್ಕಟೆ ಕಾಯುತ್ತಿದ್ದ ಹೊಲವನ್ನು ಈಗ ಸಂಬಳಕ್ಕೆ ಕಾಯುತ್ತೇನೆ, ಇದೂ ಒಂದು ಬಡ್ತಿಯೇ ಎಂದು ಅವನು ಹೇಳಿಕೊಳ್ಳುತ್ತಿದ್ದ.

ಆ ಹೆಣ್ಣು ಕರುವೇ ಬೆಳೆದು ಚುಕ್ಕಿಯಾಯಿತು. ಮುನಿಲಕ್ಷ್ಮಮ್ಮ ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗಳಿಗೆ ದಿನವೂ ಹಾಲು ಹಾಕುವ ವರ್ತನೆ ಹಿಡಿದಳು. ಹಿಂದಿನ ಲಿಫ್ಟಿನಲ್ಲಿ ಕ್ಯಾನು ಹಿಡಿದು ಏರುತ್ತಿದ್ದಳು. ಅವಳಿಗೆ ಮನೆ ನಂಬರು ನೆನಪಿರುತ್ತಿರಲಿಲ್ಲ. ಕೆಳಗೆ ಯಾವ ಮಡಿ ಇತ್ತೆಂಬುದು ನೆನಪಿರುತ್ತಿತ್ತು. "ಕೊತ್ತಂಬರಿ ಮಡಿಯವರಿಗೆ ಒಂದು ಲೀಟ್ರು, ಬಾವಿ ಕಟ್ಟೆಯವರಿಗೆ ಅರ್ಧ," ಎಂದು ಗೊಣಗುತ್ತ ಹೋಗುತ್ತಿದ್ದಳು.

ಅವಳಿಗೆ ಎರಡು ಜಂಬಗಳಿದ್ದವು. ಯಾರ ಹತ್ತಿರವೂ ಸಾಲ ಮಾಡಿಲ್ಲ ಎಂಬುದು ಒಂದು, ಹುಟ್ಟಿದಾಗಿನಿಂದ ಸುಳ್ಳು ಹೇಳಿಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ರಸೆಲ್ ಮಾರ್ಕೆಟ್ಟಿನ ಗಿರಾಕಿಗಳು ಒಪ್ಪುತ್ತಿದ್ದರೋ ಇಲ್ಲವೋ, ಅವಳಂತೂ ಗಟ್ಟಿಯಾಗಿ ನಂಬಿದ್ದಳು.

ಹೀಗಿರುವಾಗ ಊರಿಗೆ ಹೊಸಿಲು ಫೈನಾನ್ಸಿನವರು ಬಂದರು. ಹಳ್ಳಿ ಹೆಂಗಸರಿಗೆ ಸಣ್ಣ ಸಾಲ ಕೊಟ್ಟು, ಕೈಗೊಂದು ಕಸುಬು ಹಿಡಿಸಿ, ಬಡತನದ ಹೊಸಿಲು ದಾಟಿಸುವುದು ಅವರ ಉದ್ದೇಶ. ಆಫೀಸು ಇಂದಿರಾನಗರದಲ್ಲಿ. ಊರಿಗೆ ಬರುತ್ತಿದ್ದವನು ಮುರಳಿ. ಬೈಕು, ಬೆನ್ನಿಗೊಂದು ಚೀಲ, ಯಾವಾಗಲೂ ಮಧ್ಯಾಹ್ನದ ಊಟ ತಪ್ಪಿದವನ ಮುಖ. ಪ್ರತಿ ಮಂಗಳವಾರ ಶಾಲೆಯ ಜಗಲಿಯಲ್ಲಿ ಸಂಘ ಸೇರುತ್ತಿತ್ತು. ಹೆಂಗಸರು ಎದ್ದು ನಿಂತು ಕೈ ಮುಂದೆ ಚಾಚಿ, "ಸಾಲವನ್ನು ಉತ್ಪಾದಕ ಕಾರ್ಯಕ್ಕೆ ಮಾತ್ರ ಬಳಸುತ್ತೇವೆ," ಎಂದು ಶಾಲೆ ಮಕ್ಕಳ ಪ್ರಾರ್ಥನೆಯ ಧಾಟಿಯಲ್ಲಿ ಹೇಳಬೇಕು. ಆಮೇಲೆ ವಾರದ ಕಂತು ಕಟ್ಟಬೇಕು. ಒಬ್ಬಳು ತಪ್ಪಿದರೆ ಗುಂಪಿನ ಉಳಿದವರು ಕೈಯಿಂದ ಹಾಕಬೇಕು.

ಊರಿನ ಹೆಂಗಸರಿಗೆ ದುಡ್ಡು ಬೇಕಿತ್ತು, ಸುಳ್ಳಲ್ಲ. ಆದರೆ ಅವರಿಗೆ ಬೇಕಾದದ್ದು ಯಾವುದೂ ಉತ್ಪಾದಕವಾಗಿರಲಿಲ್ಲ.

"ನಂಗೆ ಮನೆ ಮೇಲೆ ಶೀಟ್ ಹಾಕ್ಸಬೇಕು ಸಾರ್," ಎಂದಳು ಪಕ್ಕದ ಮನೆ ಪಿಳ್ಳಮ್ಮ.

"ಶೀಟು ಹಾಲು ಕೊಡತ್ತಾಮ್ಮ?" ಎಂದ ಮುರಳಿ.

"ಇಲ್ಲ ಸಾರ್. ಮಳೆ ನೀರು ಕೊಡ್ತದೆ."

"ಹಾಗಿದ್ರೆ ಹಸು ಅಂತ ಬರ್ಕೊಂತೀನಿ. ನಿಮ್ಮೂರಿಗೆ ಹೆಡ್ಡಾಫೀಸಿಂದ ಹೈನುಗಾರಿಕೆ ಟಾರ್ಗೆಟ್ ಕೊಟ್ಟವ್ರೆ. ದುಡ್ಡು ಬಂದು ಹದಿನೈದು ದಿನದೊಳಗೆ ಹಸು ಜೊತೆ ನಿಂತ್ಕೊಂಡು ಒಂದು ಫೋಟೋ ಕೊಡ್ಬೇಕು. ಅಷ್ಟೇ."

ಹದಿನಾಲ್ಕನೆಯ ದಿನ ಪಿಳ್ಳಮ್ಮನ ಮನೆಗೆ ಹೊಸ ಶೀಟು ಬಂದಿತ್ತು, ಹಸು ಬಂದಿರಲಿಲ್ಲ. ಅವಳು ಬೇಲಿಯಾಚೆಯಿಂದ, "ಲಕ್ಷ್ಮಕ್ಕ, ನಿನ್ ಹಸೂನ ಒಂದು ಗಳಿಗೆ ಕೊಡೇ, ಹಂಗೇ ಬಿಟ್ಬಿಡ್ತೀನಿ," ಎಂದಳು. ಸಕ್ಕರೆ, ಹೆಪ್ಪಿಗೆ ಮಜ್ಜಿಗೆ, ಇಕ್ಕಳ ಕೊಟ್ಟು ತೆಗೆದುಕೊಳ್ಳುವ ಮನೆಗಳು ಅವು. ಮುನಿಲಕ್ಷ್ಮಮ್ಮ ಹಗ್ಗ ಬಿಚ್ಚಿ ಕೊಟ್ಟಳು. ಫೋಟೋ ಆಯಿತು. ಸಂಜೆ ಪಿಳ್ಳಮ್ಮ ಹಗ್ಗದ ಜೊತೆಗೆ ಒಂದು ಮೂಟೆ ಬೂಸಾ ತಂದು ಇಳಿಸಿದಳು. ಬರಿಗೈಯಲ್ಲಿ ಹಸು ವಾಪಸು ಕೊಡಬಾರದಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಮಗಳ ಕಾಲೇಜು ಫೀಸಿಗೆ ಒಬ್ಬಳು, ನೀರಿನ ಸಂಪಿಗೆ ಒಬ್ಬಳು, ಇನ್ನೊಂದು ಸಂಘದ ಕಂತು ಕಟ್ಟಲು ಇಬ್ಬರು, ಎಲ್ಲರೂ ಹಸು ಎಂದೇ ಬರೆಸಿದರು. ಚುಕ್ಕಿ ಮನೆಯಿಂದ ಮನೆಗೆ ನಡೆಯಿತು. ಒಬ್ಬಳ ಅಂಗಳದಲ್ಲಿ ಸೇವಂತಿಗೆ ಹಾರ ಹಾಕಿಕೊಂಡಿತು. ಇನ್ನೊಬ್ಬಳ ಅಂಗಳದಲ್ಲಿ ಹಣೆಯ ಬೊಟ್ಟಿಗೆ ಮಸಿ ಬಳಿಸಿಕೊಂಡಿತು. ಮತ್ತೊಂದು ಕಡೆ, ಚಳಿ ಎಂಬ ನೆಪದಲ್ಲಿ, ಕಿವಿ ಮುಚ್ಚುವಂತೆ ದುಪ್ಪಟಿ ಹೊದ್ದಿತು. ಕೊನೆಕೊನೆಗೆ ಮುರಳಿಯ ಬೈಕಿನ ಸದ್ದು ಕೇಳಿದರೆ ಸಾಕು, ಮೇಯುವುದು ಬಿಟ್ಟು ಕತ್ತು ಚಾಚಿ, ಬಲಕ್ಕೆ ಮುಖ ತಿರುಗಿಸಿ ತಾನಾಗಿ ನಿಲ್ಲುತ್ತಿತ್ತು. ಮನೆಗೊಂದು ಮೂಟೆ ಬೂಸಾ ಬಂದು ಆರು ಲೀಟರು ಕೊಡುತ್ತಿದ್ದದ್ದು ಒಂಬತ್ತಕ್ಕೆ ಏರಿತು. ಕಿರುಸಾಲದಿಂದ ಸೀಗೇದಿಣ್ಣೆಯಲ್ಲಿ ಮೊದಲು ಮೈ ತುಂಬಿಕೊಂಡದ್ದು ಹಸುವೇ.

"ಇದು ಸುಳ್ಳಲ್ವೇನೇ?" ಎಂದು ಚಿಕ್ಕವೆಂಕಟಪ್ಪ ಒಮ್ಮೆ ಕೇಳಿದ.

"ನಾನೇನಂದೆ? ಬಾಯೇ ಬಿಟ್ಟಿಲ್ಲ. ಹಸು ನಿಂತಿತ್ತು, ಅವ್ರು ಫೋಟೋ ತಗಂಡ್ರು," ಎಂದಳು ಮುನಿಲಕ್ಷ್ಮಮ್ಮ. ಅವಳ ಜಂಬಕ್ಕೆ ಗೀರು ಕೂಡ ಬಿದ್ದಿರಲಿಲ್ಲ.

ಹತ್ತೊಂಬತ್ತನೆಯವಳು ಬದ್ರುನ್ನೀಸಾ. ಅವಳ ತಾಯಿ ನೂರ್ಜಹಾನ್ ಶಿವಾಜಿನಗರದವಳು, ಒಂದು ಕಾಲಕ್ಕೆ ಮುನಿಲಕ್ಷ್ಮಮ್ಮನ ಖಾಯಂ ಗಿರಾಕಿ. ಎರಡು ಕಟ್ಟು ಕೊತ್ತಂಬರಿಗೆ ಅರ್ಧ ಗಂಟೆ ಜಗಳವಾಡಿ, ಕೊನೆಗೆ ಚಹಾ ಕುಡಿಸಿ ಹೋಗುತ್ತಿದ್ದವಳು. ಶಿವಾಜಿನಗರದ ಬಾಡಿಗೆ ಕೈಗೆಟುಕದೆ ಹೋದಾಗ ಬದ್ರುನ್ನೀಸಾಗೂ ಅವಳ ತಾಯಿಗೂ ಸೀಗೇದಿಣ್ಣೆಯಲ್ಲಿ ಮನೆ ನೋಡಿಕೊಟ್ಟವಳೂ ಮುನಿಲಕ್ಷ್ಮಮ್ಮನೇ. ಗಂಡ ಆಟೋ ಓಡಿಸುತ್ತಾನೆ. ಬದ್ರುನ್ನೀಸಾ ಕಾಲಲ್ಲಿ ತುಳಿಯುವ ಹೊಲಿಗೆ ಮೆಷಿನ್ನಿಟ್ಟುಕೊಂಡು ಊರಿಗೆಲ್ಲ ರವಿಕೆ ಹೊಲಿಯುತ್ತಾಳೆ. ಇಡೀ ಸಂಘದಲ್ಲಿ ನಿಜವಾದ ಕಸುಬು ಕೈಯಲ್ಲಿದ್ದವಳು ಅವಳೊಬ್ಬಳೇ.

"ನನ್ನ ಹತ್ರ ಮೆಷಿನ್ ಇದೆ ಸಾರ್, ಟೈಲರಿಂಗ್ ಅಂತ ಬರೀರಿ," ಎಂದಿದ್ದಳು.

"ಟೈಲರಿಂಗ್ ಈ ವರ್ಷ ಓಪನ್ ಆಗಿಲ್ಲಮ್ಮ. ಹಸು ಬರೀಲಾ?"

"ಯಾ ಅಲ್ಲಾ! ಬರ್ಕೊಳಿ."

ದುಡ್ಡು ಹೋದದ್ದು ನೂರ್ಜಹಾನಳ ಕಣ್ಣಿನ ಪೊರೆ ತೆಗೆಸಲು. ಕಟ್ಟು ಬಿಚ್ಚಿ ಮನೆಗೆ ಬಂದ ದಿನ ಮುದುಕಿ ಮೊದಲು ಮಾಡಿದ ಕೆಲಸವೆಂದರೆ ಮುನಿಲಕ್ಷ್ಮಮ್ಮ ತಂದುಕೊಟ್ಟ ಕೊತ್ತಂಬರಿಯನ್ನು ಕಣ್ಣ ಹತ್ತಿರ ಹಿಡಿದು, "ಬಾಡಿದೆ ಲಕ್ಷ್ಮೀ, ಹಿಂಗೇ ಅಲ್ವಾ ನೀನು ಇಪ್ಪತ್ತು ವರ್ಷ ನಂಗೆ ಟೋಪಿ ಹಾಕಿದ್ದು," ಎಂದದ್ದು.

ಬದ್ರುನ್ನೀಸಾಳ ಫೋಟೋಗೆ ಬಂದಾಗ ಮುರಳಿಯ ಫೋನಿನಲ್ಲಿ ಹೊಸ ಆ್ಯಪ್ ಇತ್ತು. ಅವನು ಚುಕ್ಕಿಯ ಮೂಗಿಗೆ ಫೋನು ಒತ್ತಿದಷ್ಟು ಹತ್ತಿರ ಹಿಡಿದ.

"ಇದೇನ್ ಸಾರ್, ಮೂಗಿಗೆ ಮುತ್ತು ಕೊಡ್ತಿದೀರಾ?"

"ಹಸು ಮೂಗಿನ ಮೇಲೆ ಗೆರೆ ಇರ್ತವಲ್ಲ, ನಮ್ಮ ಹೆಬ್ಬೆಟ್ಟು ಇದ್ದಂಗಮ್ಮ. ಒಂದು ಹಸೂದು ಇನ್ನೊಂದಕ್ಕೆ ಬರಲ್ಲ. ಇನ್ಮೇಲೆ ಯಾವ ಹಸು ಯಾರ್ದು ಅಂತ ಇದೇ ಹೇಳತ್ತೆ," ಎಂದ ಮುರಳಿ. ನೆರೆದಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಸೆರಗು ಸರಿಮಾಡಿಕೊಂಡರು. ಮುರಳಿ ಆಕಾಶ ನೋಡುತ್ತ, "ಹಳೇ ಫೋಟೋಗಳನ್ನ ಇದಕ್ಕೆ ಹಾಕಿಲ್ವಂತೆ ಬಿಡಿ," ಎಂದ.

ಮುನಿಲಕ್ಷ್ಮಮ್ಮ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು. ಚುಕ್ಕಿ ಗಬ್ಬವಾಗಿ ಏಳು ತಿಂಗಳಾಗುತ್ತ ಬಂದಿತ್ತು. ಇನ್ನು ಹಾಲು ಬತ್ತಿಸಬೇಕು, ಕರು ಹಾಕುವ ತನಕ ಎರಡು ತಿಂಗಳು ಕರೆಯುವಂತಿಲ್ಲ. ಹೋದ ಸಲ ಹೀಗಾದಾಗ ವರ್ತನೆ ಇದ್ದದ್ದು ನಾಲ್ಕೇ ಮನೆ, ಕಾದಿದ್ದರು. ಈ ಸಲ ಹನ್ನೆರಡು. ಕೊತ್ತಂಬರಿ ಮಡಿ ಮನೆಯಾಕೆ ನಗುನಗುತ್ತಲೇ ಹೇಳಿಬಿಟ್ಟಿದ್ದಳು: "ಆಂಟಿ, ಎರಡು ತಿಂಗಳು ಗ್ಯಾಪ್ ಆದ್ರೆ ಕಷ್ಟ. ನಾವು ಫೋನಲ್ಲೇ ಪ್ಯಾಕೆಟ್ ಹಾಲು ಬುಕ್ ಮಾಡ್ಕೊಂಡ್ಬಿಡ್ತೀವಿ." ಒಮ್ಮೆ ಪ್ಯಾಕೆಟ್ಟಿಗೆ ಹೋದ ಮನೆ ಕ್ಯಾನಿಗೆ ವಾಪಸು ಬಂದದ್ದನ್ನು ಮುನಿಲಕ್ಷ್ಮಮ್ಮ ಕಂಡಿರಲಿಲ್ಲ.

ಎರಡನೆಯ ಹಸು ಬೇಕಿತ್ತು, ಅದೂ ಈ ತಿಂಗಳೊಳಗೆ. ಹೊಸಕೋಟೆ ಕಡೆ ಒಬ್ಬ ದಲ್ಲಾಳಿಯ ಹತ್ತಿರ ಎರಡನೇ ಸೂಲಿನ, ಈಚೆಗೆ ಕರು ಹಾಕಿ ಹಾಲು ಕೊಡುತ್ತಿದ್ದ ಹಸು ಇತ್ತು. "ಹದಿನೈದು ದಿನ ಇಟ್ಕೊಂಡಿರ್ತೀನಿ ಅಕ್ಕ, ಅದಕ್ಕಿಂತ ಒಂದಿನ ಹೆಚ್ಚಿಗೆ ಇಲ್ಲ," ಎಂದಿದ್ದ. ಡಬ್ಬಿಯಲ್ಲಿ ಕೂಡಿಟ್ಟದ್ದು ಅದರ ಬೆಲೆಯ ಕಾಲು ಭಾಗಕ್ಕೆ ಸಾಲುತ್ತಿತ್ತು. ಎಂಟು ರಾತ್ರಿ ಹೊರಳಾಡಿ, ಒಂಬತ್ತನೆಯ ದಿನ ಮಂಗಳವಾರ, ಮುನಿಲಕ್ಷ್ಮಮ್ಮ ತನ್ನ ಮೊದಲನೆಯ ಜಂಬವನ್ನು ಮಡಿಸಿಟ್ಟು ಶಾಲೆಯ ಜಗಲಿ ಹತ್ತಿದಳು.

"ಓಹೋ! ನೀವೂ ಬಂದ್ರಾ!" ಎಂದ ಮುರಳಿ. "ಏನಕ್ಕಮ್ಮ ಸಾಲ?"

"ಹಸೂಗೆ."

ಮುರಳಿ ಪೆನ್ನು ಕೆಳಗಿಟ್ಟ. ಹತ್ತೊಂಬತ್ತು ಸಲ ತಾನೇ ಬಾಯಿಗೆ ತುರುಕಿದ್ದ ಮಾತನ್ನು ಒಬ್ಬರು ತಾವಾಗಿ ಆಡಿದ್ದು ಇದೇ ಮೊದಲು. "ಹಸೂಗೆ ಅಂದ್ರೆ... ಹಸೂಗೇನಾ?"

"ಇನ್ನೇನು ಆನೆಗಾ? ಹಸು ಕೊಂಡ್ಕೊಳ್ಳಕ್ಕೆ ಕಣಪ್ಪ."

ಅವನಿಗೆ ಖುಷಿಯಾಯಿತು. ಅನುಭವಕ್ಕೆ ಸಾಕ್ಷಿ ಬೇಕಲ್ಲ, ಈಗಿರುವ ಹಸುವನ್ನು ಒಮ್ಮೆ ತೋರಿಸಿಬಿಡಿ ಎಂದು ಕೊಟ್ಟಿಗೆಗೇ ಬಂದ. ಚುಕ್ಕಿ ಆಗಲೇ ಕತ್ತು ಚಾಚಿ ನಿಂತಿತ್ತು. ಮೂಗಿಗೆ ಫೋನು ಹಿಡಿದ. ಟಿಣ್ ಎಂದಿತು. ಅವನ ಮುಖ ಮತ್ತೆ ಊಟ ತಪ್ಪಿದವನ ಮುಖವಾಯಿತು.

"ಮಾಲೀಕರು ಬದ್ರುನ್ನೀಸಾ ಅಂತ ಬರ್ತಾ ಇದೆಯಮ್ಮ."

"ಇದು ನನ್ನ ಹಸು."

"ನಂಗೊತ್ತಮ್ಮ."

"ಕರು ಇದ್ದಾಗಿಂದ ನಾನೇ ಸಾಕಿರೋದು. ಈ ಕಿವಿ ಹರಿದಿದ್ದು ನಮ್ಮ ಬೇಲಿ ತಂತೀಲಿ."

"ನಂಗೊತ್ತಮ್ಮ! ನಿಮಗ್ಗೊತ್ತು, ನಂಗೊತ್ತು, ಹಸೂಗೂ ಗೊತ್ತು. ಇದಕ್ಕೆ ಗೊತ್ತಿಲ್ಲ." ಅವನು ಫೋನು ಅಲ್ಲಾಡಿಸಿದ. "ನಾನು ಇದರಲ್ಲಿ ಏನೂ ತಿದ್ದಂಗಿಲ್ಲ. ಇಂದಿರಾನಗರದ ಆಫೀಸಲ್ಲಿ ಪ್ರಿಯಂವದಾ ಮೇಡಂ ಅಂತ ಇದಾರೆ. ಅವ್ರು ಮಾತ್ರ ತಿದ್ದಬಹುದು."

ಸಂಜೆ ಬದ್ರುನ್ನೀಸಾ ಬಂದು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಳು.

"ಅಕ್ಕಾ, ಹೋಗಿ ನಿಜ ಹೇಳ್ಬಿಡು. ನಿನ್ನ ಹಸು ನಿಂದು ಅನ್ನಕ್ಕೆ ನೀನ್ಯಾಕೆ ಹೆದರ್ಬೇಕು?"

"ಹೇಳಿದ್ರೆ ನಿಂಗೇನ್ ಮಾಡ್ತಾರೆ?"

"ಹಸೂನೇ ಇಲ್ದೆ ಸಾಲ ತಗಂಡೆ ಅಂತ ಅಷ್ಟನ್ನೂ ಒಂದೇ ಸಲ ಕೇಳ್ತಾರೆ. ಅಮ್ಮೀ ಕಣ್ಣಿಂದ ಪೊರೆ ತೆಗ್ಸಾಯ್ತಲ್ಲ, ವಾಪಸ್ ಅಂಟ್ಸಕ್ಕಾಗತ್ತಾ? ಏನೋ ಮಾಡ್ತೀನಿ ಬಿಡು. ಮೆಷಿನ್ ಮಾರ್ತೀನಿ."

ಮುನಿಲಕ್ಷ್ಮಮ್ಮ ಚುಕ್ಕಿಯ ಮುಂದಕ್ಕೆ ಹುಲ್ಲು ಎಳೆದು ಹಾಕಿದಳು. ನಿಜ ಹೇಳುವುದೆಂದೇ ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿದ್ದಳು. ಸಾಲದ ಜಂಬ ಹೋಗಿತ್ತು, ಉಳಿದದ್ದು ಇನ್ನೊಂದೇ. ದಲ್ಲಾಳಿಯ ಹದಿನೈದು ದಿನಗಳಲ್ಲಿ ಒಂಬತ್ತು ಕಳೆದಿದ್ದವು.

ಮರುದಿನ ಬೆಳಗಿನ ಹಾಲು ಹಾಕಿ, ಮದುವೆ ಮನೆಗೆ ಉಡುವ ಸೀರೆ ಉಟ್ಟು ಹೊರಟಳು. ಮೆಟ್ರೋ ಬೇಗ ಹೋಗುತ್ತದೆ, ಆದರೆ ಬಸ್ಸು ಹೆಂಗಸರಿಗೆ ಪುಕ್ಕಟೆ. ಸೊನ್ನೆ ರೂಪಾಯಿ ಎಂದು ಅಚ್ಚಾದ ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು, ಟಿನ್ ಫ್ಯಾಕ್ಟರಿಯ ಗದ್ದಲದಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡು, ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಳು. ಅಮ್ಮಾ, ಆ ಹಸು ನಂದು. ನಾಲ್ಕೇ ಮಾತು, ಆದರೆ ಗಟ್ಟಿಯಾಗಿ ಹೇಳಬೇಕು.

ಆಫೀಸು ಒಂದು ಕಾಫಿ ಅಂಗಡಿಯ ಮೇಲಿತ್ತು. ಅಲ್ಲಿ ಒಂದು ಲೋಟ ಕಾಫಿಯ ಬೆಲೆಗೆ ಅವಳ ಕ್ಯಾನಿನಿಂದ ನಾಲ್ಕು ಲೀಟರು ಹಾಲು ಬರುತ್ತಿತ್ತು. ಮೇಲೆ ಹೋದರೆ ತಣ್ಣನೆ ಗಾಳಿ, ಗಾಜಿನ ಬಾಗಿಲು, ಗೋಡೆಯ ತುಂಬ ದೊಡ್ಡ ದೊಡ್ಡ ಬಣ್ಣದ ಫೋಟೋಗಳು. ಮುನಿಲಕ್ಷ್ಮಮ್ಮ ನಿಂತಲ್ಲೇ ನಿಂತಳು. ಮೂರು ಫೋಟೋಗಳಲ್ಲಿ ಚುಕ್ಕಿ ಇತ್ತು. ಹಾರ ಹಾಕಿಕೊಂಡ ಚುಕ್ಕಿ, ಮಸಿ ಬಳಿದ ಚುಕ್ಕಿ, ದುಪ್ಪಟಿ ಹೊದ್ದ ಚುಕ್ಕಿ. ಹಾರದ ಚುಕ್ಕಿಯ ಪಕ್ಕ ಪಿಳ್ಳಮ್ಮ ಹಲ್ಲು ಬಿಟ್ಟುಕೊಂಡಿದ್ದಳು. ಕೆಳಗೆ ಅಕ್ಷರದಲ್ಲಿ, "ಒಂದು ಹಸು, ಒಂದು ಹೊಸ ಬದುಕು." ಊರು ಬಿಟ್ಟು ಇಷ್ಟು ದೂರ ಬಂದಾಗ ಮುನಿಲಕ್ಷ್ಮಮ್ಮನಿಗೆ ಮನೆಯವರೊಬ್ಬರು ಕಂಡಂತಾಯಿತು.

ಪ್ರಿಯಂವದಾ ಮೂವತ್ತರ ಆಸುಪಾಸಿನವಳು, ಮರ್ಯಾದಸ್ಥೆ. ಎದ್ದು ಬಂದು ಕೈ ಹಿಡಿದು ಕೂರಿಸಿದಳು, ಕಾಗದದ ಲೋಟದಲ್ಲಿ ಚಹಾ ತರಿಸಿದಳು. "ಸೀಗೇದಿಣ್ಣೆನಾ? ನಮ್ಮ ಮಾದರಿ ಹೈನು ಗ್ರಾಮ ಅದು! ಹೇಳಿ ಅಮ್ಮ."

"ಅಮ್ಮಾ, ಆ ಹಸು..." ಎಂದಳು ಮುನಿಲಕ್ಷ್ಮಮ್ಮ.

"ಮುರಳಿ ಫೋನ್ ಮಾಡಿದ್ರು. ಬದ್ರುನ್ನೀಸಾ ಅವರ ಹಸು ನಿಮ್ಮ ಕೊಟ್ಟಿಗೇಲಿದೆ ಅಂತ. ನೋಡಿ, ಅವರು ನಿಮಗೆ ಮಾರಿದಾರೆ ಅಂದ್ರೆ ಕರಾರು ಮುರಿದ ಹಾಗೆ. ಅಥವಾ ಅದು ಮೊದಲಿಂದ ಅವರದೇ ಅಲ್ಲ ಅಂದ್ರೆ ಇನ್ನೂ ದೊಡ್ಡ ವಿಷಯ, ನಾನು ಆಡಿಟ್‌ನವರಿಗೆ ಬರೀಲೇಬೇಕಾಗತ್ತೆ. ಅವರು ಬಂದು ಊರಿನ ಹಸುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೊಂದೇ ಚೆಕ್ ಮಾಡ್ತಾರೆ."

ಮುನಿಲಕ್ಷ್ಮಮ್ಮನ ಕಣ್ಣ ಮುಂದೆ ಶಾಲೆಯ ಬಯಲಿನಲ್ಲಿ ಹತ್ತೊಂಬತ್ತು ಗೂಟಗಳು ಬಂದವು, ಮೊದಲ ಗೂಟದಲ್ಲಿ ಚುಕ್ಕಿ, ಉಳಿದ ಹದಿನೆಂಟು ಖಾಲಿ. ಶೀಟಿನ ಮನೆ ಪಿಳ್ಳಮ್ಮ, ಫೀಸು ಕಟ್ಟಿದ ಕಾಲೇಜು ಹುಡುಗಿ, ಗಿರಾಕಿಯ ತಲೆಯ ಮೇಲೆ ಹೊರಟ ಬದ್ರುನ್ನೀಸಾಳ ಮೆಷಿನ್ನು. ಎಲ್ಲದರ ಹಿಂದೆ ಕೊತ್ತಂಬರಿ ಕಟ್ಟನ್ನು ಹೊಸ ಕಣ್ಣಿಗೆ ಹಿಡಿದು ಬಾಡಿದೆ ಎನ್ನುವ ನೂರ್ಜಹಾನ್.

"ಹಾಗಾದ್ರೆ ಅದು ಯಾರ ಹಸು ಅಮ್ಮ?" ಎಂದಳು ಪ್ರಿಯಂವದಾ.

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದು ನಾಲಗೆಯ ತುದಿಗೆ ಬಂತು. ಮುನಿಲಕ್ಷ್ಮಮ್ಮ ಗೋಡೆಯ ಮೇಲಿನ ಚುಕ್ಕಿಯ ಕಡೆ ನೋಡಿದಳು. ಅದು ಸ್ವಲ್ಪ ಬಲಕ್ಕೆ ಮುಖ ತಿರುಗಿಸಿತ್ತು.

"ಬದ್ರೂದೇ ಕಣಮ್ಮ," ಎಂದಳು. "ಅವಳ್ಗೆ ಜಾಗ ಇಲ್ಲ ಅಂತ ನಮ್ಮ ಕೊಟ್ಟಿಗೇಲಿ ಕಟ್ಟವ್ಳೆ. ನಾನು ಬರೀ ಮೇವು ಹಾಕೋಳು."

ತನ್ನ ಬಾಯಿಂದ ಬಂದ ಮಾತಿಗೆ ತಾನೇ ಬೆವರಿದಳು. ಪ್ರಿಯಂವದಾ ಮಾತ್ರ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

"ಅಂದ್ರೆ ನಿಮ್ಮ ಹೆಸರಲ್ಲಿ ಹಸು ಇಲ್ಲ?"

"ಇಲ್ಲ."

"ಜಮೀನು?"

"ಮಾರಿಬಿಟ್ರು."

"ಅಂಗಡಿ, ಮೆಷಿನ್ನು, ಕೋಳಿ, ಏನಾದ್ರೂ?"

"ಏನೂ ಇಲ್ಲಮ್ಮ."

"ಬೇರೆ ಎಲ್ಲೂ ಸಾಲಾನೂ ಇಲ್ಲ?" ಪ್ರಿಯಂವದಾಳ ಮುಖ ಅರಳುತ್ತ ಹೋಯಿತು. "ಅಯ್ಯೋ, ಇಷ್ಟು ದಿನ ಎಲ್ಲಿದ್ರಿ ನೀವು! ನಾವು ಹುಡುಕ್ತಾ ಇರೋದೇ ನಿಮ್ಮಂಥವ್ರನ್ನ!"

ಕಂಪ್ಯೂಟರಿನಲ್ಲಿ ಒಂದೊಂದಾಗಿ ಸೊನ್ನೆಗಳು ಬಿದ್ದವು. ಕೊನೆಯಲ್ಲಿ ಹಸಿರು ಬೆಳಕು ಬಂತು. ಬೆಳಿಗ್ಗೆ ಮನೆ ಬಿಟ್ಟಾಗ ಹಸುವಿನ ಒಡತಿಯಾಗಿದ್ದ ಮುನಿಲಕ್ಷ್ಮಮ್ಮ, ಹನ್ನೊಂದೂವರೆಯ ಹೊತ್ತಿಗೆ ಸಾಲ ಕೊಡಲು ಲಾಯಕ್ಕಾದಷ್ಟು ಬಡವಳಾಗಿದ್ದಳು.

"ಹಾಗಾದ್ರೆ ಹಸೂಗೆ ಕೊಡ್ತೀರಾ ಅಮ್ಮ?"

"ಹಸು ಬೇಡವೇ ಬೇಡ! ನಿಮ್ಮೂರಲ್ಲಿ ಆಗ್ಲೇ ಹತ್ತೊಂಬತ್ತಿವೆ. ಅಷ್ಟು ಹಾಲು ಕುಡಿಯೋರ್ಯಾರು? ಇನ್ನೊಂದು ಹಸು ಕೊಟ್ರೆ ನಿಮಗೇ ಲಾಸ್. ಈ ವಾರದಿಂದ ಟೈಲರಿಂಗ್ ಓಪನ್ ಆಗಿದೆ. ನಿಮಗೆ ಹೊಲಿಗೆ ಬರತ್ತಾ?"

ಮುನಿಲಕ್ಷ್ಮಮ್ಮ ಹುಟ್ಟಿದಾಗಿನಿಂದ ಸೂಜಿಗೆ ದಾರ ಪೋಣಿಸಿದವಳಲ್ಲ. ಹರಿದ ರವಿಕೆಗೆ ಪಿನ್ನು ಚುಚ್ಚಿಕೊಂಡು ಓಡಾಡಿದವಳು. ಮೊದಲನೆಯ ಸುಳ್ಳಿಗೆ ಅವಳಿಗೆ ಐವತ್ತೆರ‍ಡು ವರ್ಷ ಹಿಡಿದಿತ್ತು. ಎರಡನೆಯದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

"ಚೆನ್ನಾಗಿ ಬರ್ತದೆ," ಎಂದಳು.

ನಾಲ್ಕನೆಯ ದಿನಕ್ಕೆ ದುಡ್ಡು ಬಂತು, ಐದನೆಯ ದಿನ ಹೊಸಕೋಟೆಯಿಂದ ಟೆಂಪೋದಲ್ಲಿ ಹಸು ಇಳಿಯಿತು. ಚಿಕ್ಕವೆಂಕಟಪ್ಪ ಸುತ್ತ ಒಂದು ಸುತ್ತು ಬಂದು, ಬೆನ್ನು ಸವರಿ, "ಒಳ್ಳೇ ಮೆಷಿನ್ನು ತಂದಿದೀಯ ಕಣೇ. ದಾರ ಯಾವ ಕಡೆಯಿಂದ ಪೋಣಿಸ್ತಾರೆ?" ಎಂದ. ಅವತ್ತು ಸಂಜೆಯಿಂದಲೇ ಹನ್ನೆರಡು ಮನೆಗೂ ಹಾಲು ತಪ್ಪಲಿಲ್ಲ. ಚುಕ್ಕಿಯ ಹಾಲು ನಿಧಾನವಾಗಿ ಬತ್ತಿದ್ದು ಕೊತ್ತಂಬರಿ ಮಡಿಯವರಿಗೆ ಗೊತ್ತೂ ಆಗಲಿಲ್ಲ.

ಫೋಟೋದ ದಿನ ಬಂತು. ಬದ್ರುನ್ನೀಸಾಳ ಮನೆಯ ಮುಂಬಾಗಿಲಲ್ಲಿ ಮೆಷಿನ್ನು ಇಟ್ಟು, ಮುನಿಲಕ್ಷ್ಮಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿದರು. ಪಿಳ್ಳಮ್ಮ ಮೊದಲಾಗಿ ಊರಿನ ಅರ್ಧ ಹೆಂಗಸರು ನೋಡಲು ಬಂದರು. ಎರಡು ವರ್ಷ ಎಲ್ಲರ ಅಂಗಳಕ್ಕೂ ಹಸು ಕಳಿಸಿದವಳು ಈಗ ತಾನೇ ಬಂದು ಕೂತಿದ್ದಾಳೆ, ನೋಡದೆ ಇರುತ್ತಾರೆಯೇ?

"ಬೂಸಾ ಮೂಟೆ ಎಲ್ಲಕ್ಕಾ?" ಎಂದಳು ಬದ್ರುನ್ನೀಸಾ.

"ನಿನ್ನ ಮೆಷಿನ್ನು ಬೂಸಾ ತಿನ್ನತ್ತೇನೇ?"

"ಎಣ್ಣೆ ಕುಡಿಯತ್ತೆ. ಒಂದು ಬಾಟ್ಲಿ ತಗೊಂಬಾ. ಆಮೇಲೆ ಅಮ್ಮೀಗೆ ದಿನಾ ಅರ್ಧ ಲೀಟ್ರು ಹಾಲು."

"ಮಾರ್ಕೆಟ್ಟಲ್ಲಿ ಅವ್ಳು, ಇಲ್ಲಿ ನೀನು. ವಂಶವೇ ಚೌಕಾಸಿದು. ಆಯ್ತು, ಕಾಲೆಲ್ಲಿ ಇಡ್ಲಿ?"

ಮುನಿಲಕ್ಷ್ಮಮ್ಮ ತುಳಿದಳು. ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟೆಂದು ಹರಿಯಿತು. ಮತ್ತೆ ಪೋಣಿಸಿದರು, ಮತ್ತೆ ಹರಿಯಿತು. ಮುರಳಿ ಫೋನು ಹಿಡಿದು, "ನಗಿ ಅಮ್ಮ, ಸ್ವಲ್ಪ ನಗಿ," ಎನ್ನುತ್ತಿದ್ದರೆ ಅವಳು ಹಲ್ಲು ಕಚ್ಚಿಕೊಂಡು, ಎರಡು ಕೈಯಲ್ಲೂ ಬಟ್ಟೆಯನ್ನು ಕೆಚ್ಚಲು ಹಿಡಿದಂತೆ ಹಿಡಿದಿದ್ದಳು.

"ಬಟ್ಟೆ ಹಿಂಡಬೇಡ ಅಕ್ಕಾ, ಮುಂದಕ್ಕೆ ತಳ್ಳು!" ಬದ್ರುನ್ನೀಸಾ ಹಣೆ ಚಚ್ಚಿಕೊಂಡಳು. "ಚುಕ್ಕೀನೇ ವಾಸಿ. ಒಂದೇ ಸಲಕ್ಕೆ ಪೋಸ್ ಕೊಡ್ತಿತ್ತು."

ಹೆಂಗಸರು ಬಿದ್ದು ಬಿದ್ದು ನಕ್ಕರು. ಕೊನೆಗೂ ಒಂದು ಗೇಣು ಹೊಲಿಗೆ ಬಿತ್ತು. ಫೋಟೋ ಆದ ಮೇಲೆ ನೂರ್ಜಹಾನ್ ಆ ಬಟ್ಟೆ ತುಂಡನ್ನು ತರಿಸಿಕೊಂಡು ಹೊಸ ಕಣ್ಣಿನ ಹತ್ತಿರ ಹಿಡಿದಳು. ಸುಮ್ಮನೆ ವಾಪಸು ಕೊಟ್ಟು, "ಕೊತ್ತಂಬರಿನೇ ಪರವಾಗಿರಲಿಲ್ಲ," ಎಂದಳು.

ಇದಾಗಿ ಮೂರು ತಿಂಗಳಾಯಿತು. ಚುಕ್ಕಿ ಹೆಣ್ಣು ಕರು ಹಾಕಿದೆ. ಹಾಲಿನ ಮನೆಗಳು ಹದಿನಾರಾಗಿವೆ. ಮಂಗಳವಾರದ ಕಂತನ್ನು ಮುನಿಲಕ್ಷ್ಮಮ್ಮ ಒಮ್ಮೆಯೂ ತಪ್ಪಿಸಿಲ್ಲ. ಹಸು ಅಂತ ಸಾಲ ತೆಗೆದ ಹತ್ತೊಂಬತ್ತು ಜನರಿಗೆ ತಿಂಗಳ ಕೊನೆಯ ವಾರ ಬಂತೆಂದರೆ ಕಂತಿಗೆ ಕೈ ಬರಿದಾಗಿರುತ್ತದೆ. ಕೊರತೆ ಬಿದ್ದವರಿಗೆ ಕೈಗಡ ಕೊಡುವವಳು ಈಗ ಈ ಟೈಲರಮ್ಮನೇ. ಕಾಗದದ ಪ್ರಕಾರ ಚುಕ್ಕಿ ಈಗಲೂ ಬದ್ರುನ್ನೀಸಾಳದು. ಹಸುವಿಗೆ ಲಸಿಕೆ ಹಾಕಿಸಿ, ಖನಿಜದ ಪುಡಿ ತಿನ್ನಿಸಿ ಎಂದು ಅವಳ ಫೋನಿಗೆ ಮೆಸೇಜು ಬರುತ್ತದೆ. ಅವಳು ಮೆಷಿನ್ನು ನಿಲ್ಲಿಸಿ, ಗೋಡೆಯಾಚೆಗೆ, "ಅಕ್ಕಾ, ನನ್ನ ಹಸೂಗೆ ಸೂಜಿ ಹಾಕ್ಸಂತೆ!" ಎಂದು ಕೂಗುತ್ತಾಳೆ.

ಸಾಲ ಕೊಟ್ಟ ಮೇಲೆ ಮೂರು ತಿಂಗಳಿಗೊಮ್ಮೆ ಕಸುಬು ಹೇಗೆ ನಡೆದಿದೆ ಎಂದು ನೋಡುವ ನಿಯಮವಿದೆ. ಮುರಳಿ ಬಂದ. ಬೈಕಿನ ಸದ್ದಿಗೆ ಚುಕ್ಕಿ ಕರುವನ್ನು ನೆಕ್ಕುವುದು ಬಿಟ್ಟು ಕತ್ತು ಚಾಚಿತು. ಮುನಿಲಕ್ಷ್ಮಮ್ಮ ಓಡಿಹೋಗಿ ಅದರ ಮೂಗಿನ ಮೇಲೆ ಗೋಣಿಚೀಲ ಎಸೆದು ಬಂದಳು.

ಮುರಳಿ ಜಗಲಿಯ ಮೇಲೆ ಕೂತು, ದಪ್ಪ ಹಾಲಿನ ಚಹಾ ಕುಡಿಯುತ್ತ, ಹೊಸ ಹಸುವಿನ ಕಡೆಗೆ ಬೆನ್ನು ಮಾಡಿಕೊಂಡು ಫೋನು ತೆರೆದ.

"ಟೈಲರಿಂಗ್ ಹೆಂಗ್ ನಡೀತಿದೆ ಅಮ್ಮ? ದಿನಕ್ಕೆ ಎಷ್ಟಾಗತ್ತೆ?"

ಮುನಿಲಕ್ಷ್ಮಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಎರಡು ಸುಳ್ಳಿಗೆ ಸಾಕಾಗಿತ್ತು ಅವಳಿಗೆ.

"ಬೆಳಿಗ್ಗೆ ಸಾಯಂಕಾಲ ಸೇರಿ ಹನ್ನೊಂದು ಲೀಟ್ರು," ಎಂದಳು.

ಮುರಳಿ ಲೋಟ ಖಾಲಿ ಮಾಡಿ ಕೆಳಗಿಟ್ಟ. ಆಮೇಲೆ ಹೆಬ್ಬೆರಳಿನಿಂದ ಹನ್ನೊಂದು ಎಂದು ಒತ್ತಿ, "ಪರವಾಗಿಲ್ವೇ," ಎಂದು, ಇನ್ನರ್ಧ ಲೋಟ ಚಹಾ ಕೇಳಿದ.